ವಿನಾರ್ಸಿ ಉಳಿಸಿದ ಹೊತ್ತು

ಮುಂತಿಲಾನ್ ಪೇಟೆಯ ಹಿಂದಿನ ಬೀದಿಯಲ್ಲಿ ‘ರುಕುನ್ ಪ್ರಿಂಟಿಂಗ್’ ಎಂಬ ಅಂಗಡಿ ಇದೆ. ರುಕುನ್ ಅಂದರೆ ಒಗ್ಗಟ್ಟು, ಮನೆಮಂದಿಯ ಹೊಂದಾಣಿಕೆ. ಹೆಸರಿಟ್ಟವರು ಮುದುಕ ವಾಕಿಜೋ. ಇಟ್ಟಾಗ ಅವರಿಗಿನ್ನೂ ಮದುವೆಯಾಗಿರಲಿಲ್ಲ.

ಅಂಗಡಿಯ ಹಿಂದೆಯೇ ಮನೆ. ಮುಂದುಗಡೆ ಕಂಪ್ಯೂಟರು, ಪ್ರಿಂಟರು, ಕಾಗದ ಕತ್ತರಿಸುವ ಯಂತ್ರ. ನಡುವೆ ಒಂದು ಪರದೆ. ಪರದೆಯ ಆಚೆ ಅನ್ನದ ಕುಕ್ಕರು. ವಾಕಿಜೋ ಒಂದು ಕಾಲದಲ್ಲಿ ಸೀಸದ ಅಚ್ಚುಮೊಳೆ ಜೋಡಿಸಿ ಲಗ್ನಪತ್ರಿಕೆ ಮಾಡುತ್ತಿದ್ದವರು. ಈಗ ಎರಡೂ ಕಣ್ಣಿಗೆ ಪೊರೆ ಬಂದು, ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು, ಬಂದವರನ್ನು ದನಿಯಿಂದ ಗುರುತು ಹಿಡಿಯುತ್ತಾರೆ. ಅಂಗಡಿ ನಡೆಸುವವನು ಮಗ ತ್ರಿಯೋನೋ. ನಡೆಸುವುದೆಂದರೆ ಬೆಳಿಗ್ಗೆ ಬೈಕ್ ಹತ್ತಿ ಕಾಫಿ ಅಂಗಡಿಗಳಿಗೆ ಹೋಗಿ, ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ನೂರನೇ ದಿನದ ತಿಥಿ ಎಂದು ವಿಚಾರಿಸಿ ಆರ್ಡರು ಹಿಡಿದು ತರುವುದು. ಕಂಪ್ಯೂಟರಿನ ಮುಂದೆ ಕೂತು ಕಾಗದದ ವಿನ್ಯಾಸ ಮಾಡುವವಳು ಅವನ ಹೆಂಡತಿ ವಿನಾರ್ಸಿ. ಈ ಕೆಲಸಕ್ಕೆ ಅಂಗಡಿಯಲ್ಲಿ ಸೆಟ್ಟಿಂಗ್ ಎನ್ನುತ್ತಾರೆ. ಅವಳು ಮಾಡಿದರೆ ಮಾತ್ರ ಬೀದಿಯವರು ಅದಕ್ಕೆ ಗಂಡನಿಗೆ ಕೈನೆರವು ಎನ್ನುತ್ತಾರೆ.

ಆ ವರ್ಷ ಬೆಸಾರ್ ತಿಂಗಳು ಹತ್ತಿರ ಬಂದಿತ್ತು. ಬೆಸಾರ್ ದಾಟಿದರೆ ಸುರೋ. ಸುರೋ ತಿಂಗಳಲ್ಲಿ ಹೆಣ್ಣು ಗಂಡು ಓಡಿಹೋದರೂ ಮದುವೆ ಮಾಡಿಸುವವರಿಲ್ಲ. ಹಾಗಾಗಿ ಎಲ್ಲರಿಗೂ ಬೆಸಾರಿನಲ್ಲೇ ಮದುವೆಯಾಗಬೇಕು, ಎಲ್ಲರ ಕಾಗದವೂ ನಾಳೆಯೇ ಬೇಕು. ಅಂಥ ಹೊತ್ತಿನಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಾಗ ವಿನಾರ್ಸಿ ಒಂದು ಮಾತು ತೆಗೆದಳು.

“ನಾನು ಹೈಸ್ಕೂಲ್ ಪರೀಕ್ಷೆ ಕಟ್ತೀನಿ. ಹೆಸರು ಕೊಟ್ಟು ಬಂದಿದ್ದೀನಿ. ಮಂಗಳವಾರ, ಗುರುವಾರ, ಶನಿವಾರ ಮೂರೂವರೆಗೆ ಕ್ಲಾಸು.”

ಹದಿನೇಳಕ್ಕೆ ಮದುವೆಯಾಗಿ ಓದು ಬಿಟ್ಟವಳು. ಈಗ ಇಪ್ಪತ್ತೇಳು. ಪೇಟೆಯ ಕಲಿಕಾ ಕೇಂದ್ರದಲ್ಲಿ ಅವಳಂಥವರಿಗೆಂದೇ ತರಗತಿ ನಡೆಸುತ್ತಾರೆ. ಪಾಸಾದರೆ ಹೈಸ್ಕೂಲು ಮುಗಿಸಿದ ಸರ್ಟಿಫಿಕೇಟು ಕೊಡುತ್ತಾರೆ.

ಅತ್ತೆ ತುಮಿನಾ ತೆಂಪೆ ಎಂಬ ಹುರಿದ ಸೋಯಾ ಬಿಲ್ಲೆಯನ್ನು ಅರ್ಧಕ್ಕೆ ಮುರಿದರು. “ಈ ವಯಸ್ಸಲ್ಲಿ ಓದಿ ಯಾರನ್ನ ಮದುವೆ ಆಗ್ಬೇಕು ಅಂತಿದ್ದೀಯ?”

“ಒಂದಾಗಿರೋದೇ ಸಾಕಾಗಿದೆ ಬು.” ಅಲ್ಲಿ ಅಮ್ಮನಿಗೂ ಅತ್ತೆಗೂ ಬು ಎನ್ನುತ್ತಾರೆ.

ವಾಕಿಜೋಗೆ ನಗು ಬಂದು ಸಂಬಲ್ ಚಟ್ನಿಯ ಖಾರ ನೆತ್ತಿಗೇರಿತು. ತ್ರಿಯೋನೋ ಮಾತ್ರ ದೊಡ್ಡ ಮನಸ್ಸಿನವನಂತೆ ಕೈ ಬೀಸಿದ.

“ಓದ್ಕೊಳ್ಳಿ ಬಿಡಿ ಬು, ಯಾರು ಬೇಡ ಅಂದ್ರು? ಆದ್ರೆ ನೋಡು ನಾರ್, ಆವತ್ತಿನ ಸೆಟ್ಟಿಂಗ್ ಮುಗಿಸಿ ಹೋಗ್ಬೇಕು. ಗಿರಾಕೀನ ಕೂರಿಸಿ ಹೋಗೋ ಹಾಗಿಲ್ಲ.”

“ಮುಗಿಸಿದ್ರೆ ಹೋಗ್ಬಹುದು?”

“ಮುಗಿಸಿದ್ರೆ ಹೋಗು.”

“ಬು, ನೀವೂ ಕೇಳಿಸ್ಕೊಂಡ್ರಲ್ಲ?”

“ನಂಗೇನು ಕಿವುಡಾ?” ಎಂದರು ತುಮಿನಾ.

ತ್ರಿಯೋನೋ ಅಷ್ಟು ಧಾರಾಳವಾಗಿ ಒಪ್ಪಿದ್ದಕ್ಕೆ ಕಾರಣವಿತ್ತು. ಸೂರ್ಯ ಮುಳುಗುವ ಮೊದಲು ಸೆಟ್ಟಿಂಗ್ ಮುಗಿದ ದಿನವೇ ಆ ಅಂಗಡಿಯಲ್ಲಿ ಇರಲಿಲ್ಲ. ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

ಕೆಲಸ ಕಲಿಸಿದವನು ಅವನೇ. ಅವನಿಗೆ ಗೊತ್ತಿದ್ದದ್ದು ಮೌಸ್ ಒಂದೇ. ಒಂದು ಹೂವಿನ ಚಿತ್ರವನ್ನು ಪುಟದ ನಡುವೆ ತರಬೇಕಾದರೆ ಮೇಲೆ ಹೋಗಿ ಪಟ್ಟಿ ತೆರೆ, ಪಟ್ಟಿಯೊಳಗಿನ ಪಟ್ಟಿ ತೆರೆ, ಅಲ್ಲಿಂದ ಜಾರಿಬಿದ್ದರೆ ಮೊದಲಿಂದ ಶುರುಮಾಡು. ಹೀಗೆ ಒಂದು ಲಗ್ನಪತ್ರಿಕೆಗೆ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಕೇಂದ್ರದ ಕಂಪ್ಯೂಟರ್ ಮೇಷ್ಟ್ರು ಮೊದಲ ವಾರವೇ ಅವಳಿಗೆ ಎರಡು ಹಾಳೆ ಕೊಟ್ಟರು. ಇಂಥ ಕೆಲಸಕ್ಕೆ ಇಂಥ ಕೀಲಿ ಎಂದು ಎರಡೂ ಬದಿ ತುಂಬ ಬರೆದಿತ್ತು.

ವಿನಾರ್ಸಿ ಅದನ್ನು ಹಾಳಾದ ಮದುವೆ ಕಾಗದಗಳ ಹಿಂದೆ ಬರೆದುಕೊಂಡಳು. ದಿನಕ್ಕೆ ಎಂಟು. ಬೆಂಡೆಕಾಯಿ ಹೆಚ್ಚುವಾಗ ಎಡಗೈ ಮಣೆಯ ಮೇಲೆ ತಾನಾಗಿ ಒತ್ತುತ್ತಿತ್ತು. ಎಂಟು ವರ್ಷದ ಮಗಳು ಲಾರಸ್ ಬಾವಿಕಟ್ಟೆಯ ಮೇಲೆ ಕೂತು ಅಮ್ಮನಿಗೆ ಪಾಠ ಒಪ್ಪಿಸಲು ಹೇಳುತ್ತಿದ್ದಳು.

“ಎಲ್ಲಾ ಸೇರಿಸಿ ಒಂದೇ ಗುಂಪು ಮಾಡೋಕೆ?”

“ಕಂಟ್ರೋಲ್ ಜಿ.”

“ಗುಂಪು ಬಿಡಿಸೋಕೆ?”

“ಕಂಟ್ರೋಲ್… ಕೆ?”

“ತಪ್ಪು! ಯು! ಅಮ್ಮಾ, ನೀನು ದಡ್ಡಿ. ನಮ್ಮ ಟೀಚರ್ ಆಗಿದ್ರೆ ಬೆಂಚ್ ಮೇಲೆ ನಿಲ್ಲಿಸ್ತಿದ್ರು.”

“ಬಟ್ಟೆ ಹಿಂಡ್ತಾ ನಿಂತೇ ಇದ್ದೀನಲ್ಲೇ.”

ಮೊದಲ ವಾರ ಎಲ್ಲ ತಲೆಕೆಳಗಾಯಿತು. ಒಂದು ಒತ್ತಲು ಹೋಗಿ ಇನ್ನೊಂದು ಒತ್ತಿ, ಮದುಮಗನ ಹೆಸರೆಲ್ಲ ಪುಟದಿಂದ ಹಾರಿಹೋಯಿತು. ತ್ರಿಯೋನೋ ಹಿಂದೆ ನಿಂತು ಮೂಗು ಮುರಿದ. “ಹಳೇ ದಾರಿ ಬಿಟ್ಟು ಹೊಸ ದಾರಿ ಹುಡ್ಕೋಕೆ ಹೋದ್ರೆ ಹೀಗೇ ಆಗೋದು.” ಬೆತ್ತದ ಕುರ್ಚಿಯಿಂದ ಮುದುಕರು ಹೇಳಿದರು: “ಸುಮ್ನಿರೋ. ಮೊಳೆ ಯಾವ ಗೂಡಲ್ಲಿದೆ ಅಂತ ಕೈಗೆ ಗೊತ್ತಾಗೋ ತನಕ ನಾನೂ ತಪ್ಪೇ ಮಾಡ್ತಿದ್ದೆ. ಆಮೇಲೆ ಕಣ್ಣು ಬೇಡ.”

ಎರಡನೇ ವಾರದ ಕೊನೆಗೆ ಅವಳಿಗೂ ಕಣ್ಣು ಬೇಡವಾಯಿತು. ಬಲಗೈ ಮೌಸ್ ಮೇಲೆ, ಎಡಗೈ ಕೀಲಿಗಳ ಮೇಲೆ. ಪಿ ಒತ್ತಿದರೆ ಹೂವು ಪುಟದ ನಡುವೆ. ಕಂಟ್ರೋಲ್ ಡಿ ಒತ್ತಿದರೆ ಒಂದು ಎರಡಾಯಿತು. ಒಂದೂವರೆ ಗಂಟೆಯ ಕಾಗದ ಮೂವತ್ತೈದು ನಿಮಿಷಕ್ಕೆ ಬಂತು. ಪಕ್ಕದಲ್ಲಿ ಕೂತು “ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ ಕೆಳಕ್ಕೆ” ಎನ್ನುವ ಗಿರಾಕಿಗಳು ಬಾಯಿ ಮುಚ್ಚುವ ಮೊದಲೇ ಹೂವು ಎಡಕ್ಕೂ ಕೆಳಕ್ಕೂ ಹೋಗಿರುತ್ತಿತ್ತು. ಅವಳು ಗಂಡನನ್ನೂ ಕರೆದಳು. ಗಂಡನಿಗೆ ಅವಳು ಮಾಸ್ ಎನ್ನುತ್ತಿದ್ದಳು.

“ಮಾಸ್, ಬನ್ನಿ, ನೀವೂ ಕಲೀರಿ. ಸುಲಭ ಇದೆ.”

“ಕಲಿಸಿದವನಿಗೇ ಕಲಿಸೋಕೆ ಬಂದ್ಲು! ನಂಗೆ ಗೊತ್ತಿಲ್ದೇ ಇರೋದು ಅದ್ರಲ್ಲೇನಿದೆ?” ಎಂದವನು ಅವಳ ಹೆಗಲಾಚೆ ಕದ್ದು ನೋಡಿ ಎರಡನ್ನು ಮಾತ್ರ ಕಲಿತ. ನಕಲು ತೆಗೆಯುವುದು, ಅಂಟಿಸುವುದು.

ಇನ್ನು ಮುಂದೆ ಎರಡೂವರೆಗೆ ಕೆಲಸ ಮುಗಿಸಿ, ಮುಖ ತೊಳೆದು, ತಲೆವಸ್ತ್ರ ಸರಿಮಾಡಿಕೊಂಡು ಸೈಕಲ್ ಹತ್ತಿದರಾಯಿತು ಎಂದುಕೊಂಡಿದ್ದಳು ಪಾಪ. ಆದದ್ದೇ ಬೇರೆ.

ಮೊದಲ ದಿನ ಎರಡೂಕಾಲಿಗೆ ಎದ್ದಳು. ತುಮಿನಾ ಪರದೆ ಸರಿಸಿ ನೋಡಿದರು. “ಮುಗೀತಾ? ಹಾಗಾದ್ರೆ ಆ ಕಾಗದಕ್ಕೆಲ್ಲ ರಿಬ್ಬನ್ ಕಟ್ಟಿಬಿಡು. ಹೇಗೂ ಬೇಗ ಮುಗೀತಲ್ಲ.” ರಿಬ್ಬನ್ ನಾನೂರು. ಎರಡನೇ ದಿನ ಎರಡಕ್ಕೇ ಎದ್ದಳು. “ಹೇಗೂ ಬೇಗ ಮುಗೀತಲ್ಲ, ಅಕ್ಕಿ ತೊಳ್ದು ಇಡು, ತೆಂಗಿನಕಾಯಿ ತುರಿ.” ಮೊದಲೆಲ್ಲ ಅತ್ತೆಯೇ ಮಾಡುತ್ತಿದ್ದ ಕೆಲಸ ಅದು. ಅವಳ ಕೈ ಬಿಡುವಾದದ್ದೇ ತಡ, ಅತ್ತೆಯ ಮಂಡಿಗೆ ನೋವು ಬಂತು.

ತ್ರಿಯೋನೋನ ಬಾಯಿಗಂತೂ ರೆಕ್ಕೆ ಬಂತು. ಕಾಫಿ ಅಂಗಡಿಯಲ್ಲಿ ಕೂತು, “ನನ್ನ ಸೆಟ್ಟಿಂಗ್ ಒಂದು ಗಂಟೆಯೊಳಗೆ ರೆಡಿ, ಬೇರೆ ಯಾರಾದ್ರೂ ಮಾಡಿ ತೋರಿಸ್ಲಿ ನೋಡೋಣ,” ಎಂದು ಸವಾಲು ಹಾಕಿದ. ಎಲ್ಲರೂ ನಂಬಿದರು. ದಿನಕ್ಕೆ ನಾಲ್ಕು ಬರುತ್ತಿದ್ದ ಕೆಲಸ ಒಂಬತ್ತಾಯಿತು. ಮದುವೆಯದ್ದು ಸಾಲದೆಂದು ಶಾಲೆಯ ಬ್ಯಾನರು, ತಿಥಿಯಲ್ಲಿ ಹಂಚುವ ಪ್ರಾರ್ಥನೆ ಪುಸ್ತಕ, ಕ್ಯಾಟ್‌ಫಿಷ್ ಹೋಟೆಲಿನ ಮುಂದೆ ತೂಗುವ ಹೆಸರಿನ ಪರದೆ ಎಲ್ಲವನ್ನೂ ಹೊತ್ತು ತಂದ.

“ಮಾಸ್, ಮುಗಿಸಿದ್ರೆ ಹೋಗು ಅಂದಿದ್ರಿ.”

“ಮುಗ್ದಿಲ್ವಲ್ಲ, ನೋಡು, ಇನ್ನೂ ಮೂರಿದೆ.”

“ಅದು ಮಧ್ಯಾಹ್ನ ತಂದಿದ್ದು!”

“ಕೆಲಸ ಬರೋದು ಬೇಡ ಅಂತೀಯಾ? ಬಾಗಿಲು ಹಾಕ್ಲಾ?”

ಇದೆಂಥ ನ್ಯಾಯ? ಅವಳು ರಾತ್ರಿ ಹಗಲು ಬೆರಳು ಸವೆಸಿ ಹೊತ್ತು ಉಳಿಸುವುದು, ಉಳಿಸಿದ ಹೊತ್ತನ್ನು ಮನೆಯವರೆಲ್ಲ ಪಾಲು ಮಾಡಿಕೊಳ್ಳುವುದು. ಜೇಬಿನಿಂದ ತೆಗೆದಿದ್ದರೆ ಅದಕ್ಕೆ ಕಳ್ಳತನ ಅನ್ನುತ್ತಿದ್ದರು. ಹತ್ತು ತರಗತಿಗಳಲ್ಲಿ ಅವಳು ಹೋದದ್ದು ನಾಲ್ಕಕ್ಕೆ. ನಾಲ್ಕನೇ ವಾರದ ಮಂಗಳವಾರ ಕೇಂದ್ರದ ಮೇಡಂ ಅವಳನ್ನು ಬದಿಗೆ ಕರೆದು ಹೇಳಿದರು: “ಇನ್ನೊಂದೇ ಒಂದು ದಿನ ತಪ್ಪಿದ್ರೂ ಪರೀಕ್ಷೆಗೆ ನಿಮ್ಮ ಹೆಸರು ಕಳಿಸೋಕಾಗಲ್ಲ. ಬರೋ ಮಂಗಳವಾರ ಮಾದರಿ ಪರೀಕ್ಷೆ ಬೇರೆ ಇದೆ. ಆಮೇಲೆ ಬಂದು ಅಳಬೇಡಿ.”

ಗುರುವಾರ ಮೂರು ಗಂಟೆಗೆ ಒಂದೇ ಒಂದು ಕೆಲಸ ಉಳಿದಿತ್ತು. ಸಲಾಕ್ ಹಣ್ಣಿನ ವ್ಯಾಪಾರಿ ಹಾಜಿ ಮಸ್ಕುರಿಯವರ ಮಗಳ ಲಗ್ನಪತ್ರಿಕೆ, ಆರುನೂರು ಪ್ರತಿ. ತ್ರಿಯೋನೋ ಅದನ್ನು ತಂದದ್ದು ಎರಡೂ ಮುಕ್ಕಾಲಿಗೆ. ವಿನಾರ್ಸಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

“ಇದನ್ನ ನೀವು ಮಾಡಿ ಮಾಸ್. ಬೆಳಿಗ್ಗೆಯಿಂದ ಎಂಟು ಮುಗಿಸಿದ್ದೀನಿ.”

“ಏಯ್! ಹಾಜಿ ಅವರದ್ದು ಕಣೇ!”

“ಸೆಟ್ಟಿಂಗ್ ನಿಮ್ಮದೇ ಅಂತ ಊರಿಗೆಲ್ಲ ಹೇಳಿದ್ದೀರಲ್ಲ. ಮಾಡಿ.”

ಸೈಕಲ್ ಗಂಟೆ ಬಾರಿಸಿಕೊಂಡು ಹೋಗಿಯೇ ಬಿಟ್ಟಳು. ತುಮಿನಾ ಬೀದಿಯವರೆಗೂ ಬಂದು ಕೂಗಿದರು. ಅವಳು ತಿರುಗಿ ನೋಡಲಿಲ್ಲ.

ಶನಿವಾರದ ತರಗತಿಗೂ ಹೋದಳು. ಮನೆಯಲ್ಲಿ ಯಾರೂ ಅವಳೊಡನೆ ಮಾತಾಡಲಿಲ್ಲ. ಸಾರು ಬಡಿಸುವ ಸೌಟು ಮಾತ್ರ ಪಾತ್ರೆಗೆ ಜೋರಾಗಿ ಬಡಿಯುತ್ತಿತ್ತು.

ಸೋಮವಾರ ಬೆಳಿಗ್ಗೆ ಹಾಜಿ ಮಸ್ಕುರಿಯವರ ತಮ್ಮ ಬೈಕಿನಲ್ಲಿ ಬಂದವನೇ ಲಗ್ನಪತ್ರಿಕೆಯ ಕಟ್ಟೊಂದನ್ನು ಮೇಜಿನ ಮೇಲೆ ಎಸೆದ. ಸರಿಯಾಗಿಯೇ ಇತ್ತು ಎಲ್ಲ. ಹೊಂಬಣ್ಣದ ಅಂಚು, ಮದುಮಗಳ ಹೆಸರು, ದಿನ, ಜಾಗ, ಊಟದ ಹೊತ್ತು. ಮದುಮಗಳ ತಂದೆಯ ಹೆಸರಿನ ಮುಂದೆ ಮಾತ್ರ ಪುಟ್ಟ ಅಕ್ಷರಗಳಲ್ಲಿ ‘ದಿವಂಗತ’ ಎಂದಿತ್ತು.

“ನೂರಾನಲವತ್ತು ಮನೆಗೆ ಹಂಚಿ ಆಗಿದೆ!” ಆತ ಮೇಜು ಗುದ್ದಿದ. “ತೆಮಾಂಗುಂಗ್‌ನಿಂದ ನಮ್ಮ ದೊಡ್ಡಕ್ಕ ಬಸ್ಸಲ್ಲಿ ಅಳ್ತಾ ಬಂದಿದ್ದಾಳೆ, ಸಾವಿನ ಮನೆಗೆ ತರೋ ಅಕ್ಕಿ ಸಕ್ಕರೆ ಹೊತ್ಕೊಂಡು! ಬಂದ್ರೆ ಅಣ್ಣ ಹಿತ್ಲಲ್ಲಿ ಕೋಳಿಗೆ ಕಾಳು ಹಾಕ್ತಿದ್ದಾನೆ. ನೋಡಿ ದೊಪ್ಪಂತ ಬಿದ್ಲು! ಏನಂದ್ಕೊಂಡಿದ್ದೀರಿ ನೀವು? ಮದುವೆ ಮನೆ ಅದು!”

ಅವನು ಹೋದ ಮೇಲೆ ವಿನಾರ್ಸಿ ಫೈಲು ತೆರೆದು ನೋಡಿದಳು. ಕಾರಣ ಕಣ್ಣಿಗೆ ಹೊಡೆಯುವಂತಿತ್ತು. ಹೋದ ತಿಂಗಳು ಇನ್ನೊಂದು ಮನೆಗೆ ಕಾಗದ ಮಾಡಿದ್ದಳು. ಆ ಹುಡುಗಿಯ ತಂದೆ ನಿಜಕ್ಕೂ ತೀರಿಹೋಗಿದ್ದರು. ‘ದಿವಂಗತ’ ಎಂಬುದನ್ನು ಅಂದವಾದ ಅಕ್ಷರದಲ್ಲಿ ಬೇರೆಯಾಗಿ ಮಾಡಿ, ಹೆಸರಿನ ಜೊತೆ ಗುಂಪು ಕಟ್ಟಿಟ್ಟಿದ್ದಳು. ತ್ರಿಯೋನೋ ಆ ಗುಂಪನ್ನು ಹಾಗೆಯೇ ನಕಲು ತೆಗೆದು ಅಂಟಿಸಿದ್ದ. ಹೆಸರು ಬದಲಾಯಿಸಿದ್ದ, ಗುಂಪು ಬಿಡಿಸಿರಲಿಲ್ಲ. ಬಿಡಿಸುವುದು ಅವನಿಗೆ ಗೊತ್ತೂ ಇರಲಿಲ್ಲ. ಅಚ್ಚಿಗೆ ಹಾಕುವ ಮುಂಚೆ ಒಂದು ಪ್ರತಿ ತೆಗೆದು ಗಿರಾಕಿಯ ಸಹಿ ಹಾಕಿಸಬೇಕು, ಅದನ್ನೂ ಹಾಕಿಸಿರಲಿಲ್ಲ. ಫೋನಿನಲ್ಲಿ ಬೆರಳುಗುರಿನಷ್ಟು ಫೋಟೋ ಕಳಿಸಿ ಕೈತೊಳೆದುಕೊಂಡಿದ್ದ.

ಊಟಕ್ಕೆ ಕೂತಾಗ ತುಮಿನಾ ಶುರುಮಾಡಿದರು.

“ಹೇಳಿದ್ದೆ ನಾನು. ಪುಸ್ತಕ ಹಿಡ್ಕೊಂಡು ಕುಣಿಯೋಕೆ ಹೋದ್ರೆ ಮನೆ ಮರ್ಯಾದೆ ಹೋಗುತ್ತೆ ಅಂತ.”

“ಅದನ್ನ ಮಾಡಿದ್ದು ನಾನಲ್ಲ ಬು. ಗುರುವಾರ ನಾನು ಇಲ್ಲಿರಲೇ ಇಲ್ಲ.”

“ಅದೇ ನಾನೂ ಹೇಳ್ತಿರೋದು! ಇದ್ದಿದ್ರೆ ಆಗ್ತಿತ್ತಾ?”

ವಿನಾರ್ಸಿ ಗಂಡನ ಕಡೆ ತಿರುಗಿದಳು. “ಮಾಸ್, ಹೇಳಿ.”

ತ್ರಿಯೋನೋ ತಟ್ಟೆಯಲ್ಲಿದ್ದ ಎಲೆಕೋಸನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳಿದ. “ಸೆಟ್ಟಿಂಗ್ ಯಾವಾಗ್ಲೂ ನಿಂದೇ ಅಲ್ವಾ. ಹಾಜಿ ಅವರ ತಮ್ಮನಿಗೂ ಹಾಗೇ ಹೇಳಿದ್ದೀನಿ.”

“ಏನಂತ?”

“ಹೆಂಡ್ತಿ ಕೈತಪ್ಪು ಅಂತ. ಇನ್ನೇನು ಹೇಳ್ಲಿ? ನಂದು ಅಂದ್ರೆ ನಾಳೆಯಿಂದ ಯಾರು ಆರ್ಡರ್ ಕೊಡ್ತಾರೆ? ನಿಂದು ಅಂದ್ರೆ ಹೆಂಗಸು, ಹೋಗ್ಲಿ ಅಂತಾರೆ.”

“ಚೆನ್ನಾಗಿ ಬಂದ್ರೆ ನಿಮ್ಮ ಸೆಟ್ಟಿಂಗು, ಹಾಳಾದ್ರೆ ನನ್ನದಾ? ನಾಚ್ಕೆ ಆಗಲ್ವಾ ಮಾಸ್?”

“ಗಂಡನ ಹತ್ರ ಹೀಗಾ ಮಾತಾಡೋದು?” ತುಮಿನಾ ಲೋಟ ಕುಕ್ಕಿದರು. “ಸಾಯಂಕಾಲ ಹೋಗಿ ಕ್ಷಮೆ ಕೇಳ್ಬೇಕು. ಕ್ಲಾಸು ಇವತ್ತಿಗೆ ಬಂದ್. ಪಾಕ್, ನೀವೂ ಒಂದು ಮಾತು ಹೇಳಿ.” ಪಾಕ್ ಅಂದರೆ ಅಪ್ಪ, ಮನೆಯ ಯಜಮಾನ; ಊರ ಹಿರಿಯರಿಗೂ ಹಾಗೇ ಎನ್ನುತ್ತಾರೆ.

ವಾಕಿಜೋ ತಟ್ಟೆಯೊಳಗೆ ಬೆರಳಾಡಿಸಿ ಅನ್ನ ಹುಡುಕುತ್ತಿದ್ದರು. ಹುಡುಕುತ್ತಲೇ ಇದ್ದರು.

ಸಂಜೆ ಹಾಜಿ ಮಸ್ಕುರಿಯವರ ಅಂಗಳದಲ್ಲಿ ಚಪ್ಪರದ ಬಿದಿರು ನೆಡುತ್ತಿದ್ದ ಹತ್ತಾರು ಜನ ಕೈಕೆಲಸ ನಿಲ್ಲಿಸಿ ನೋಡುತ್ತಿದ್ದರು. ತುಮಿನಾ ಸೊಸೆಯ ಹೆಗಲಮೇಲೆ ಕೈಯಿಟ್ಟು ಒತ್ತಿದರು. ವಿನಾರ್ಸಿ ಬಗ್ಗಿದಳು. “ಅಂಗಡಿಯಿಂದ ತಪ್ಪಾಗಿದೆ, ಕ್ಷಮಿಸಬೇಕು,” ಎಂದಷ್ಟೇ ಹೇಳಿದಳು. ತ್ರಿಯೋನೋ ಅದಕ್ಕೆ ಬಾಲ ಸೇರಿಸಿದ: “ಇತ್ತೀಚೆಗೆ ಇವಳಿಗೆ ಓದಿನ ಹುಚ್ಚು ಪಾಕ್ ಹಾಜಿ. ಗಮನ ಎಲ್ಲೋ ಇರುತ್ತೆ.” ಬಿದಿರು ಹಿಡಿದಿದ್ದವರು ನಕ್ಕರು. ಅವಳು ಹೆಗಲ ಮೇಲಿನ ಅತ್ತೆಯ ಕೈ ಸರಿಸಿದಳು.

ಹಾಜಿ ಮಸ್ಕುರಿ ಕುಳ್ಳಗೆ ಗುಂಡಗಿದ್ದ ಮನುಷ್ಯ. ಸತ್ತವರಂತೆ ಒಂದಿಷ್ಟೂ ಕಾಣುತ್ತಿರಲಿಲ್ಲ. “ನಾನು ಬದುಕಿದ್ದೀನಿ ಅಂತ ನೂರಾನಲವತ್ತು ಮನೆಗೆ ಫೋನ್ ಮಾಡೋಕಾಗುತ್ತಾ? ಹೊಸದಾಗಿ ಮಾಡ್ಕೊಡಿ. ನಾಳೆ ಒಂದೂವರೆಗೆ ನಾನೇ ಬಂದು ಪಕ್ಕದಲ್ಲಿ ಕೂರ್ತೀನಿ. ನನ್ನ ಸತ್ತ ಅಂತ ಬರೆದ ಕೈಯೇ ಬದುಕಿದ್ದಾನೆ ಅಂತ ಬರೀಬೇಕು. ಬೇರೆ ಕೈ ಮುಟ್ಟಬಾರದು.”

ಮಂಗಳವಾರ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಪ್ಲಾಸ್ಟಿಕ್ ಕುರ್ಚಿಯನ್ನು ಕಂಪ್ಯೂಟರಿಗೆ ಮೂಗು ತಾಗುವಷ್ಟು ಹತ್ತಿರ ಎಳೆದುಕೊಂಡು ಕೂತರು. ತುಮಿನಾ ಸಿಹಿ ಚಹಾ, ಹುರಿದ ಬಾಳೆಹಣ್ಣು ತಂದಿಟ್ಟರು.

“ಸರಿ, ಯಾರ ಕೈಯದು?”

“ಇವಳದ್ದೇ,” ಎಂದ ತ್ರಿಯೋನೋ. “ಕೂತ್ಕೋ ನಾರ್.”

ವಿನಾರ್ಸಿ ಗೋಡೆಗೆ ಒರಗಿ ನಿಂತಿದ್ದಳು. ತಲೆವಸ್ತ್ರ ಕಟ್ಟಿ, ಚೀಲ ಹೆಗಲಿಗೆ ಹಾಕಿ ರೆಡಿಯಾಗಿದ್ದಳು. ಅವಳು ಅಲ್ಲಾಡಲಿಲ್ಲ.

“ಬರೆದ ಕೈಯೇ ಬರೀಬೇಕು ಅಂದ್ರಲ್ಲ ಪಾಕ್ ಹಾಜಿ? ಹಾಗಾದ್ರೆ ಮಾಸ್ ಕೂರ್ಬೇಕು. ನಿನ್ನೆ ನಾನು ಬಗ್ಗಿದ್ದು ತಪ್ಪು ಮಾಡಿ ಅಲ್ಲ, ಬಗ್ಗಿಸಿದ್ರು ಅಂತ.”

“ನಾರ್!”

“ಕೂತ್ಕೊಳ್ಳಿ ಮಾಸ್. ಒಂದು ಗಂಟೇಲಿ ರೆಡಿ ಅಲ್ವಾ ನಿಮ್ಮ ಸೆಟ್ಟಿಂಗು?”

ಹಾಜಿ ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡಿದರು. ತ್ರಿಯೋನೋಗೆ ಇನ್ನು ಎದ್ದು ಹೋಗುವ ಹಾಗಿರಲಿಲ್ಲ. “ಇದೇನು ಮಹಾ,” ಎಂದು ಕೂತ. ಹೊಸ ಪುಟ ತೆರೆದ. ಮೇಲಿನ ಪಟ್ಟಿ ತೆರೆದ, ಮುಚ್ಚಿದ, ಇನ್ನೊಂದು ತೆರೆದ. ಹೊಂಬಣ್ಣದ ಅಂಚು ಒಂದನ್ನು ಕೂರಿಸುವಷ್ಟರಲ್ಲಿ ಹಾಜಿಯವರ ಚಹಾ ಮುಗಿಯಿತು. ಗೋಡೆ ಗಡಿಯಾರ ಎರಡು ದಾಟಿತು. ಅವಸರ ಹತ್ತಿ ಹೋದ ತಿಂಗಳ ಅದೇ ಫೈಲನ್ನು ತೆರೆದ. ಕಂಟ್ರೋಲ್ ಸಿ. ಕಂಟ್ರೋಲ್ ವಿ. ಹೆಸರು ಅಳಿಸಿ ‘ಹಾಜಿ ಮಸ್ಕುರಿ’ ಎಂದು ಬಡಿದು, ಗೆದ್ದವನಂತೆ ಹಿಂದಕ್ಕೆ ವಾಲಿದ.

“ಆಯ್ತು ನೋಡಿ.”

ಹಾಜಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಕಂಪ್ಯೂಟರಿನ ಪರದೆಗೆ ಬೆರಳು ತಾಗಿಸಿದರು.

“ಏನಪ್ಪಾ, ನಾನು ಇನ್ನೊಂದ್ಸಲ ಸತ್ನಾ?”

ಹೆಸರಿನ ಮುಂದೆ ಪುಟ್ಟ ಅಕ್ಷರಗಳಲ್ಲಿ ‘ದಿವಂಗತ’ ಕೂತಿತ್ತು. ತ್ರಿಯೋನೋ ಅದನ್ನು ಅಳಿಸಲು ಹೋದರೆ ಹೆಸರೂ ಸೇರಿ ಮಾಯವಾಯಿತು. ವಾಪಸ್ ತಂದರೆ ಎರಡೂ ಬಂದವು. ಮತ್ತೆ ಅಳಿಸಿದ, ಮತ್ತೆ ಎರಡೂ ಹೋದವು.

“ಮೊನ್ನೆ ಕೊಂದಿದ್ದೂ ಹೀಗೇನಾ?” ಕೇಳಿದರು ಹಾಜಿ.

ಬಾಗಿಲ ಪಕ್ಕದಿಂದ ವಾಕಿಜೋ ಗಂಟಲು ಸರಿಮಾಡಿಕೊಂಡರು. “ಹೀಗೇ ಹಾಜಿ. ಗುರುವಾರ ಸಾಯಂಕಾಲ ಮೌಸ್ ಒಂದೇ ಟಕ್ ಟಕ್ ಅಂತಿತ್ತು. ಅವಳು ಕೂತ್ರೆ ಸದ್ದೇ ಬೇರೆ.”

ವಿನಾರ್ಸಿ ಸರ್ರನೆ ತಿರುಗಿದಳು. “ಗೊತ್ತಿತ್ತಾ ಪಾಕ್ ನಿಮ್ಗೆ? ನಿನ್ನೆ ಊಟಕ್ಕೆ ಕೂತಾಗ ಗೊತ್ತಿತ್ತಾ?”

“ಮನೇಲಿ ರುಕುನ್ ಕೆಡಬಾರದು ಅಂತ ಸುಮ್ನಿದ್ದೆ ಕಣಮ್ಮ…”

“ನನ್ನ ಬೆನ್ನು ಬಗ್ಗಿಸಿದ್ರೆ ರುಕುನ್ ಉಳಿಯುತ್ತಾ? ಹಾಗಿದ್ರೆ ಅದು ಹಾಳಾಗಿ ಹೋಗ್ಲಿ!”

ಮುದುಕರು ತಲೆ ತಗ್ಗಿಸಿದರು. ತುಮಿನಾ ಮಾತ್ರ ಸೋಲುವವರಲ್ಲ. “ಆಯ್ತು, ಅವನೇ ಮಾಡ್ದ ಅಂತಿಟ್ಕೋ. ಗಂಡನ ತಪ್ಪನ್ನ ಹೆಂಡ್ತಿ ಸೆರಗಲ್ಲಿ ಮುಚ್ಕೋಬೇಕು. ನಾನೇನು ಈ ಮನೇಲಿ ಕಮ್ಮಿ ಮುಚ್ಕೊಂಡಿದ್ದೀನಾ?”

“ನೀವು ಮುಚ್ಕೊಂಡ್ರಿ ಬು, ಅದಕ್ಕೇ ನಂಗೂ ಮುಚ್ಕೋ ಅಂತೀರ. ನಾನು ಮುಚ್ಕೊಳ್ಳಲ್ಲ.”

ಹಾಜಿ ಬಾಳೆಹಣ್ಣಿನ ಎಣ್ಣೆಯನ್ನು ಕರವಸ್ತ್ರಕ್ಕೆ ಒರೆಸಿಕೊಂಡರು. “ನಿಮ್ಮ ಜಗಳ ಆಮೇಲೆ ಆಡ್ಕೊಳ್ಳಿ. ನಾನು ಬದುಕ್ತೀನೋ ಇಲ್ವೋ ಅದು ಹೇಳಿ ಮೊದಲು.”

“ಹತ್ತೇ ನಿಮಿಷ ಪಾಕ್ ಹಾಜಿ. ಆದ್ರೆ ನಂದೊಂದು ಮಾತಿದೆ. ನಿನ್ನೆ ನಿಮ್ಮ ಅಂಗಳದಲ್ಲಿ ಹತ್ತು ಜನ ನಕ್ಕಿದ್ದು ನನ್ನ ನೋಡಿ. ಹೊಸ ಕಾಗದಾನ ಆ ನೂರಾನಲವತ್ತು ಮನೆಗೂ ಮಾಸ್ ತಾವೇ ತಗೊಂಡು ಹೋಗ್ಬೇಕು. ಪ್ರತಿ ಬಾಗಿಲಲ್ಲೂ ‘ತಪ್ಪು ನನ್ನದು, ನನ್ನ ಹೆಂಡ್ತೀದಲ್ಲ’ ಅಂತ ಹೇಳಿ, ಹಳೇದು ವಾಪಸ್ ಇಸ್ಕೋಬೇಕು.”

“ಹುಚ್ಚಾ ನಿಂಗೆ?” ತ್ರಿಯೋನೋ ಎದ್ದು ನಿಂತ.

“ಹಾಗಾದ್ರೆ ನೀವೇ ಮುಂದುವರಿಸಿ.” ಅವಳು ಚೀಲದ ಪಟ್ಟಿ ಸರಿಮಾಡಿಕೊಂಡಳು.

ಹಾಜಿ ಹೊಟ್ಟೆ ಕುಲುಕಿಸಿ ನಕ್ಕರು. ನಕ್ಕು ಮುಗಿಸಿದ ಮೇಲೆ ಅವರ ಮುಖದಲ್ಲಿ ನಗುವಿರಲಿಲ್ಲ. “ಸರಿಯಾಗೇ ಹೇಳ್ತಿದ್ದಾಳೆ. ತೆಮಾಂಗುಂಗ್ ಅಕ್ಕನ ಮನೆಯಿಂದಲೇ ಶುರುಮಾಡು ತ್ರಿಯೋನೋ. ಹೋದ್ಯೋ ಇಲ್ವೋ ಅಂತ ನಾನು ಫೋನ್ ಮಾಡಿ ಕೇಳ್ತೀನಿ. ನಿನ್ನೆ ನನ್ನ ಅಂಗಳದಲ್ಲಿ ನಿಂತು ನಂಗೂ ಸುಳ್ಳು ಹೇಳಿದ್ಯಲ್ಲಪ್ಪ ನೀನು.”

ತ್ರಿಯೋನೋ ಅಪ್ಪನನ್ನು ನೋಡಿದ, ಅಮ್ಮನನ್ನು ನೋಡಿದ. ಕೊನೆಗೆ ಕುರ್ಚಿ ಬಿಟ್ಟು ಸರಿದ.

“ಹೇಳಿ ಮಾಸ್. ಈಗ, ಇಲ್ಲೇ ಒಂದ್ಸಲ ಹೇಳಿ. ಆಮೇಲೆ ಕೂರ್ತೀನಿ.”

“ತಪ್ಪು… ನಂದು.”

“ಇನ್ನೊಂದರ್ಧ ಇದೆ.”

“ನಿಂದಲ್ಲ,” ಎಂದ ತ್ರಿಯೋನೋ, ನೆಲ ನೋಡುತ್ತ.

ವಿನಾರ್ಸಿ ಕೂತಳು. ಎಡಗೈ ಕೀಲಿಗಳ ಮೇಲೆ ಇಳಿಯಿತು. ಗುಂಪು ಬಿಟ್ಟಿತು, ‘ದಿವಂಗತ’ ಬೇರೆಯಾಗಿ ಒಂದೇ ಏಟಿಗೆ ಹೋಯಿತು, ಹೆಸರು ಪುಟದ ನಡುವೆ ಬಂದು ನಿಂತಿತು, ಎರಡೂ ಬದಿಯ ತಂದೆತಾಯಿಯರ ಹೆಸರುಗಳು ಒಂದೇ ಸಾಲಿಗೆ ಬಂದವು. ಹಾಜಿ “ಸ್ವಲ್ಪ ಮೇಲಕ್ಕೆ” ಎನ್ನಲು ಬಾಯಿ ತೆರೆದರು, ಅಷ್ಟರಲ್ಲಿ ಅದು ಮೇಲಕ್ಕೆ ಹೋಗಿತ್ತು. ಅವಳು ಒಂದು ಪ್ರತಿ ತೆಗೆದು, ಹೆಸರುಗಳನ್ನೆಲ್ಲ ಗಟ್ಟಿಯಾಗಿ ಓದಿಸಿ, ಸಹಿ ಹಾಕಿಸಿಕೊಂಡಳು. ಗಡಿಯಾರ ಎರಡೂ ಮೂವತ್ತೈದು ತೋರಿಸುತ್ತಿತ್ತು.

“ನಿನ್ನ ಕೈಗೆ ಒಳ್ಳೇದಾಗ್ಲಿ,” ಎಂದು ಹಾಜಿ ಎದ್ದರು. ತ್ರಿಯೋನೋ ಅಚ್ಚಿಗೆಂದು ಕಾಗದದ ರೀಮು ಇಳಿಸಿದ.

ವಿನಾರ್ಸಿ ಚಪ್ಪಲಿ ಮೆಟ್ಟುವಷ್ಟರಲ್ಲಿ ತುಮಿನಾ ಪರದೆ ಸರಿಸಿದರು. ಏನೂ ನಡೆದೇ ಇಲ್ಲವೆಂಬಂತಿತ್ತು ಅವರ ದನಿ.

“ಹೇಗೂ ಬೇಗ ಮುಗೀತಲ್ಲ. ಅನ್ನಕ್ಕಿಟ್ಟು ಹೋಗು.”

“ಇಲ್ಲ ಬು.”

“ಏನಿಲ್ಲ? ಮೂರೂವರೆಗಲ್ವಾ ನಿನ್ನ ಪರೀಕ್ಷೆ? ಇನ್ನೂ ಒಂದು ಗಂಟೆ ಇದೆ!”

“ಆ ಒಂದು ಗಂಟೆ ನಾನು ಉಳಿಸಿದ್ದು. ಅದನ್ನ ನಾನೇ ಇಟ್ಕೋತೀನಿ.”

ತುಮಿನಾ ಇನ್ನೂ ಏನೋ ಹೇಳುತ್ತಿದ್ದರು. ವಿನಾರ್ಸಿ ಸೈಕಲ್ಲನ್ನು ಬೀದಿಗೆ ಇಳಿಸಿ ಹತ್ತಿದಳು. ಸಂತೆಕಟ್ಟೆಯ ಪಕ್ಕದಿಂದ, ಮಸೀದಿಯ ಹಿಂದಿನಿಂದ, ಯಾವ ಅವಸರವೂ ಇಲ್ಲದೆ ತುಳಿದಳು. ಕೇಂದ್ರಕ್ಕೆ ಬಂದಾಗ ಬಾಗಿಲಿಗೆ ಇನ್ನೂ ಬೀಗವಿತ್ತು. ಒಬ್ಬ ವಿದ್ಯಾರ್ಥಿಯೂ ಬಂದಿರಲಿಲ್ಲ.

ಅವಳು ಮೆಟ್ಟಿಲ ಮೇಲೆ ಕೂತಳು. ಪುಸ್ತಕ ತೆರೆಯಲಿಲ್ಲ, ಫೋನು ತೆಗೆಯಲಿಲ್ಲ. ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾಲು ಚಾಚಿ ಸುಮ್ಮನೆ ಕೂತಳು. ಸಿಟ್ಟು ಇನ್ನೂ ಆರಿರಲಿಲ್ಲ, ಆರಲಿ ಎಂದು ಅವಳಿಗೆ ಅನ್ನಿಸಲೂ ಇಲ್ಲ.

ಕೇಂದ್ರದ ಕಾವಲುಗಾರ ಬೀಗದ ಕೈ ಗೊಂಚಲು ಅಲ್ಲಾಡಿಸುತ್ತ ಬಂದ. ಬಾಗಿಲು ತೆಗೆದು, ಒಳಗೆ ಇಣುಕಿ, ಅವಳತ್ತ ತಿರುಗಿ ಹಲ್ಲುಬಿಟ್ಟ.

“ಬೇಗ ಬಂದುಬಿಟ್ಟಿದ್ದೀರಲ್ಲ ತಂಗೀ! ಸುಮ್ನೆ ಕೂತಿದ್ದೀರ ಹೇಗೂ. ಒಳಗೆ ಆ ಬೆಂಚುಗಳನ್ನ ಸ್ವಲ್ಪ ಸಾಲಾಗಿ ಜೋಡಿಸಿಬಿಡ್ತೀರಾ?”

“ಆಗಲ್ಲ,” ಎಂದಳು ವಿನಾರ್ಸಿ.